ಮುನಿದೇವರ ಅಂಗಳ

“ಗಟ್ಟಿಯಾಗಿ ಅನ್ಲಾ ಬೋಳಿಮಗ್ನೆ, ದೇವ್ರಿಗೆ ಕೇಳಿಸ್ಬ್ಯಾಡ್ವಾ? ‘ಈ ಮರ ಕಡಿದ ಪಾಪ ನಂದು. ನನ್ ಮಕ್ಕಳ್ದು. ನನ್ ಮಕ್ಕಳ ಮಕ್ಕಳ್ದು.’ ಅನ್ನು!”

ಮುನಿದೇವರ ಅಂಗಳದ ಗಿಡ್ಡ ಗೋಡೆಯ ಒಳಗೆ, ನಡುವೆ ನೆಟ್ಟ ದೇವರ ಕಲ್ಲುಗಳ ಮುಂದೆ ನಿಂತು ಪೂಜಾರಿ ಆದಿನಾರಾಯಣ ಕೂಗುತ್ತಿದ್ದ. ಬಚ್ಚಪ್ಪ ಹೊರಗೆ ಇಳಿಜಾರಿನಲ್ಲಿ, ಹಳೇ ಹುಣಸೆಮರದ ಬುಡದಲ್ಲಿ, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಊರಿಕೊಂಡು ಕೊಡಲಿ ಹಿಡಿದಿದ್ದ. ಮೊದಲ ಮಾತನ್ನು ಅಂದ. ಎರಡನೆಯದನ್ನೂ ಹೇಗೋ ಅಂದ. ಮೂರನೆಯದನ್ನು ಅನ್ನದೆ ಕೆಳಗೆ ನೋಡಿದ. ಗುಡ್ಡದ ಕೆಳಗೆ ಹೊಲೆಯರ ಕೇರಿ. ಅದರ ಮೊದಲ ಗುಡಿಸಲು ಅವನದೇ. ಅದರೊಳಗೆ ಮಗಳು ಮಂಗಮ್ಮ ಕೋಳಿ ಕೂಗುವ ಹೊತ್ತಿನಿಂದ ಹೆರಿಗೆ ನೋವು ತಿನ್ನುತ್ತಿದ್ದಳು. ಇನ್ನೂ ಹುಟ್ಟದ ಕೂಸಿನ ತಲೆಗೆ ಪಾಪ ಕಟ್ಟು ಅಂದರೆ ಯಾವ ತಾತನಿಗೆ ತಾನೆ ನಾಲಿಗೆ ಏಳುತ್ತದೆ?

“ಯಾಕ್ಲಾ, ಬಾಯಾಗೆ ಮಣ್ಣು ತುಂಬ್ಕಂಡಿದೀಯಾ?” ಗೋಡೆಯ ನೆರಳಿನಲ್ಲಿ ಕೂತಿದ್ದ ಪಟೇಲ ಚಿಕ್ಕವೆಂಕಟಪ್ಪ ಎದ್ದು ನಿಂತ. “ಗಾಡಿಗಳು ಬಂದು ಕಾಯ್ತಾ ಅವೆ. ಅಂತೀಯೋ, ಇಲ್ಲಾ ಕೇರಿಗೆ ಬೆಂಕಿ ಇಕ್ಕಿಸ್ಲೋ?”

ಬಚ್ಚಪ್ಪ ಅಂದ. ಅಂದು, ಕಣ್ಣು ಮುಚ್ಚಿ, ಮೊದಲ ಏಟು ಹಾಕಿದ. ಹುಣಸೆಯ ತೊಗಟೆ ಕೊಡಲಿಯನ್ನು ಹಿಂದಕ್ಕೆ ಒದ್ದಿತು. ಪೂಜಾರಿ ಗೋಡೆಯ ಮೇಲಿಂದ ಅವನ ಕಡೆಗೆ ಒಂದು ಚಿಟಿಕೆ ಕುಂಕುಮ ಎಸೆದ. ಅದು ಗಾಳಿಗೆ ಎತ್ತಲೋ ಹೋಯಿತು.

ಮರ ಹೋಗುತ್ತಿದ್ದದ್ದು ಗಣಿಗೆ. ಮಾರಿಕುಪ್ಪಂ ಕಡೆಯ ಚಿನ್ನದ ಗಣಿಗಳಲ್ಲಿ ಬಾಯ್ಲರುಗಳು ಹಗಲೂ ರಾತ್ರಿ ಸೌದೆ ನುಂಗುತ್ತಿದ್ದ ಕಾಲ ಅದು. ಸುತ್ತಮುತ್ತಲ ಗುಡ್ಡಗಳನ್ನೆಲ್ಲ ತಲೆ ಬೋಳಿಸಿದ ಹಾಗೆ ಬೋಳಿಸಿ ಮುಗಿದ ಮೇಲೆ ಗುತ್ತಿಗೆಯವರ ಕಣ್ಣು ಕಾಮಸಮುದ್ರದ ಸುತ್ತಿನ ಈ ಗುಡ್ಡಗಳ ಕಡೆಗೆ ತಿರುಗಿತ್ತು. ಹುಣಸೆ ಕಟ್ಟಿಗೆಯ ಕಾವು ಬೇರೆ ಯಾವುದಕ್ಕೂ ಇಲ್ಲ ಎಂದು ಗುತ್ತಿಗೆಯವರ ಮೇಸ್ತ್ರಿ ಕುಪ್ಪುಸ್ವಾಮಿ ಬಂದು ಮರವನ್ನು ಸುತ್ತಿ ಸುತ್ತಿ ನೋಡಿ ಹೋಗಿದ್ದ. ದೇವರ ಮರವನ್ನು ಕಡಿಯುವುದು ಹೇಗೆ ಎಂದು ಊರವರು ಅಳುಕಿದರು. ಪಟೇಲ ದೇವರಲ್ಲಿ ಹೂವು ಕೇಳಿಸಿದ. ಬಡವರು ಕೇಳಿದರೆ ಮುನಿದೇವರು ಹೊತ್ತು ಮುಳುಗಿದರೂ ಹೂವು ಕೊಡದೆ ಸತಾಯಿಸುತ್ತಿದ್ದ. ಪಟೇಲ ಕೇಳಿದ್ದೇ ತಡ, ಬಲಗಡೆಯ ಹೂವು ಟಪ್ಪನೆ ಉದುರಿತು. ಆದರೆ ಮೊದಲ ಏಟು ಹಾಕಿದವನಿಗೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಪೂಜಾರಿ ಹೇಳಿದ. ಅದಕ್ಕೇನು, ಕೇರಿ ಇತ್ತಲ್ಲ.

ಬಚ್ಚಪ್ಪನ ತಾತನೂ ಆ ಗೋಡೆಯೊಳಗೆ ಕಾಲಿಟ್ಟವನಲ್ಲ. ದೇವರ ದಿನ ತಮಟೆ ಬಡಿಯುವುದಕ್ಕೂ ಕೇರಿಯವರು ಹೊರಗೇ ನಿಲ್ಲಬೇಕು. ಹುಣಸೆಹಣ್ಣು ಉದುರಿದರೆ ಊರ ಹೆಂಗಸರು ಆಯ್ದು ಬಿಟ್ಟದ್ದನ್ನು ಆಯಬೇಕು. ಅಂಥ ಮರವನ್ನು ಈಗ ಅವನನ್ನು ಕರೆದು ಕರೆದು ಮುಟ್ಟಿಸುತ್ತಿದ್ದರು.

ಕೆಲಸ ಸುಲಭದ್ದಾಗಿರಲಿಲ್ಲ. ಮರ ಕೆಳಕ್ಕೆ, ಕೇರಿಯ ಕಡೆಗೆ ವಾಲಿಕೊಂಡು ಬೆಳೆದಿತ್ತು. ಅದರ ಪಾಡಿಗೆ ಬಿಟ್ಟರೆ ನೇರವಾಗಿ ಗುಡಿಸಲುಗಳ ಮೇಲೆಯೇ ಬೀಳುತ್ತಿತ್ತು. ಪಶ್ಚಿಮಕ್ಕೆ ಆಳವಾದ ಕೊರಕಲು. ಅಲ್ಲಿ ಬಿದ್ದರೆ ಒಂದು ತುಂಡನ್ನೂ ಮೇಲೆತ್ತುವಂತಿಲ್ಲ. ಉಳಿದದ್ದು ಪೂರ್ವ. ಗುಡ್ಡಕ್ಕೆ ಅಡ್ಡಲಾಗಿ, ಮುನಿದೇವರ ಅಂಗಳದ ಕಡೆಗೆ ಕೆಡವಬೇಕು. ಮರದ ತುದಿ ಗೋಡೆಯ ಹೊರಗೇ ಬೀಳುತ್ತಿತ್ತು. ಆದರೆ ಹಗ್ಗ ಹಾಕಿ ಎಳೆಯುವವರು ನಿಲ್ಲಬೇಕಾದದ್ದು ಗೋಡೆಯ ಒಳಗೆ. ಅಂಗಳದ ಆಚೆಗೆ ಬರೀ ಜಾರುಬಂಡೆ; ಕಾಲು ಊರಲು ಅಂಗಳ ಬಿಟ್ಟರೆ ಜಾಗವೇ ಇರಲಿಲ್ಲ.

ಕೇರಿಯವರು ಅಂಗಳಕ್ಕೆ ಬರುವ ಹಾಗಿಲ್ಲ. ಅದಕ್ಕೇ ಪಟೇಲ ಹಿಂದಿನ ದಿನ ಬಾಯಿಬಿಟ್ಟು ಹೇಳಿದ್ದ, “ಕಡಿಯೋದು ನೀವು, ಎಳೆಯೋದು ನಮ್ ಐಕಳು. ಕೇರಿ ಮ್ಯಾಲೆ ಒಂದು ಎಲೆ ಬೀಳಾಕಿಲ್ಲ.” ಆ ಮಾತನ್ನು ನಂಬಿಕೊಂಡೇ ಬಚ್ಚಪ್ಪ ಕೊಡಲಿ ಎತ್ತಿದ್ದು.

ಪೂರ್ವದ ಕಡೆ ಕೊಡಲಿಯಿಂದ ಆಳವಾಗಿ ಬಾಯಿ ತೆಗೆದ. ಆಮೇಲೆ ಭಾವಮೈದ ಮುನಿಶಾಮಿಯೂ ಅವನೂ ಹಿಂದಿನಿಂದ ಗರಗಸ ಹಾಕಿದರು. ಕೆಳಗೆ ನಿಂತ ಮುನಿಶಾಮಿಯ ಕಾಲಿನಡಿ ಕಲ್ಲು ಪೇರಿಸಿದ್ದರು. ಗರಗಸ ಎಳೆದಾಗಲೆಲ್ಲ ಕಲ್ಲು ಜರುಗುತ್ತಿತ್ತು, ಪುಡಿ ಕಣ್ಣಿಗೆ ಬೀಳುತ್ತಿತ್ತು. ಮೇಲೆ ನಿಂತ ಬಚ್ಚಪ್ಪನಿಗೆ ಮಂಡಿ ನೋವು. ಆ ಮರದೊಳಗೆ ಕಬ್ಬಿಣವಿದೆಯೋ ಏನೋ ಎನಿಸುತ್ತಿತ್ತು. ಕೆಳಗಿನಿಂದ ಒಮ್ಮೊಮ್ಮೆ ಮಂಗಮ್ಮನ ಕೂಗು ಬರುತ್ತಿತ್ತು. ಕೂಗು ಬಂದಾಗಲೆಲ್ಲ ಅವನ ಕೈ ನಿಲ್ಲುತ್ತಿತ್ತು. ಕೈ ನಿಂತಾಗಲೆಲ್ಲ ಪಟೇಲನ ಬೈಗುಳ ಬರುತ್ತಿತ್ತು.

“ಬಾವ, ಒಸಿ ನೀರಾದ್ರೂ ಕುಡಿಯಾನ,” ಅಂದ ಮುನಿಶಾಮಿ.

“ಇದ್ನ ಮುಗಿಸ್ಬುಟ್ಟು ಕುಡಿಯಾನ. ಎಲ್ಲಾದ್ರೂ ಕುಂತ್ರೆ ನಾನು ಏಳಾಕಿಲ್ಲ ಕಣ್ಲಾ.”

ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಗರಗಸ ಮುಕ್ಕಾಲು ಪಾಲು ಒಳಗೆ ಹೋಗಿತ್ತು. ಗರಗಸ ಹಾಕುವ ಮೊದಲೇ ಮುನಿಶಾಮಿ ಮರ ಹತ್ತಿ, ಎತ್ತರದ ಕವಲಿಗೆ ಗಣಿಯಿಂದ ಬಂದಿದ್ದ ದಪ್ಪ ಹಗ್ಗ ಬಿಗಿದು ಇಳಿದಿದ್ದ. ಅದರ ಇನ್ನೊಂದು ತುದಿಯನ್ನು ಈಗ ಗೋಡೆಯ ಒಳಗೆ ಎಸೆದರು. ಪಟೇಲನ ಕಡೆಯ ಹುಡುಗರು ಮೈಮುರಿಯುತ್ತ ಬಂದು ಹಗ್ಗ ಹಿಡಿದರು. ಬಚ್ಚಪ್ಪ ಗರಗಸದ ಸೀಳಿಗೆ ಬೆಣೆ ಹೊಡೆಯಲು ಸುತ್ತಿಗೆ ಎತ್ತಿಕೊಂಡ.

ಆಗ ಹುಡುಗರಲ್ಲೊಬ್ಬ ಪೂಜಾರಿಯನ್ನು ಕೇಳಿದ, “ಸಾಮಿ, ಎಳೆದೋರ್ಗೂ ಪಾಪ ತಗಲ್ತದಾ?”

ಕೇಳಬಾರದಾಗಿತ್ತು. ಆದಿನಾರಾಯಣ ಗಡ್ಡ ಕೆರೆದುಕೊಂಡ. ಗೊತ್ತಿಲ್ಲ ಎಂದರೆ ಪೂಜಾರಿತನಕ್ಕೆ ಕುಂದು. “ಮರ ಬೀಳೋಕೆ ಕೈ ಹಾಕಿದೋರ್ಗೆಲ್ಲ ಒಂದ್ ಪಾಲು ಇದ್ದೇ ಇರ್ತದಪ್ಪ,” ಅಂದುಬಿಟ್ಟ.

ಹಗ್ಗ ಧೊಪ್ಪನೆ ನೆಲಕ್ಕೆ ಬಿತ್ತು. ಒಬ್ಬನಿಗೆ ಮನೆಯಲ್ಲಿ ಬಾಣಂತಿ, ಇನ್ನೊಬ್ಬನಿಗೆ ಬರುವ ತಿಂಗಳು ಮದುವೆ. ಪಟೇಲ ಗದರಿದ, ಪುಸಲಾಯಿಸಿದ. ಯಾರೂ ಬಗ್ಗಲಿಲ್ಲ. ಹಾಗೆಂದು ತಾನೇನೂ ಹಗ್ಗಕ್ಕೆ ಕೈ ಹಾಕಲಿಲ್ಲ.

“ಎನ್ನಯ್ಯಾ ಪಟೇಲ್ರೇ, ಸೀಕ್ರಂ ಆಗ್ಲಿ,” ಕೆಳಗಿನ ಗಾಡಿದಾರಿಯಲ್ಲಿ ಕಾಯುತ್ತಿದ್ದ ಕುಪ್ಪುಸ್ವಾಮಿ ತನ್ನ ತಮಿಳು ಬೆರೆತ ಕನ್ನಡದಲ್ಲಿ ಅವಸರಪಡಿಸಿದ. “ಬೌರಿಂಗ್‌ಪೇಟೇಲಿ ರೈಲು ವ್ಯಾಗನ್ ನಿಂತದೆ.”

ಪಟೇಲ ಮರದತ್ತ ನೋಡಿದ, ಕೇರಿಯತ್ತ ನೋಡಿದ. ಅವನಿಗೆ ಲೆಕ್ಕ ಸಲೀಸಾಗಿ ಸಿಕ್ಕಿತು.

“ಬಚ್ಚ, ಕೆಳಕ್ಕೇ ಕೆಡವ್ಲಾ. ಗಾಡಿದಾರಿಗೂ ಅತ್ರ ಆಯ್ತದೆ.”

“ಸಾಮಿ, ಕೆಳಗೆ ಗುಡಿಸ್ಲು ಅವೆ.”

“ಗುಡಿಸ್ಲು ತಾನೆ? ಅರಮನೆ ಏನಲ್ವಲ್ಲ. ಉಲ್ಲು ಕೊಡ್ತೀನಿ, ಒಸಾದು ಕಟ್ಕಳಿ. ಮಂದೀನ ಆಚೆಗೆ ಓಡ್ಸು.”

“ಮಗ್ಳು ಎರಿಗೆ ನೋವ್ನಾಗವ್ಳೆ ಸಾಮಿ. ಕೂಸು ಬಂದ್ಬುಡ್ಲಿ. ಅಲ್ಲೀಗಂಟ ಒಸಿ ತಾಳಿ.”

“ನಿನ್ ಮಗಳ ಎರಿಗೆಗೆ ಗಣಿ ನಿಂತ್ಕಂತದೇನ್ಲಾ ಸೂಳೇಮಗ್ನೆ? ಚಾಪೆ ಸಮೇತ ಎಳ್ಕಂಡು ಆಚೆಗ್ ಆಕು.”

ಬಚ್ಚಪ್ಪ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಚಿಕ್ಕಮುನಿಯಮ್ಮ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು. ಸೀರೆಯ ತುಂಬ ರಕ್ತದ ಕಲೆ. ಹಿಂದೆಯೇ ಕೇರಿಯ ಹೆಂಗಸರು, ಗಂಡಸರು. ಹಗ್ಗ ಬಿದ್ದ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

“ಕೂಸಿನ ಕಾಲು ಮುಂದಾಗಿ ಬಂದದೆ,” ಅಂದಳು ಗಂಡನಿಗೆ. “ಅಲುಗಾಡಿಸಿದ್ರೆ ಇಬ್ರೂ ಉಳಿಯಾಕಿಲ್ಲ ಅಂತವ್ಳೆ ಸೂಲಗಿತ್ತಿ. ಮರ ಕೆಳಕ್ ಬುಟ್ಟೀಯಾ, ನನ್ನೂ ಅದ್ರಡಿ ಮಲಗಿಸ್ಬುಡು.”

“ನಾನೇನ್ ಮಾಡ್ಲಮ್ಮೀ? ಎಳೆಯೋರಿಲ್ಲ.”

ಅಷ್ಟರಲ್ಲಿ ಗುಡ್ಡದ ಮೇಲಿಂದ ಮಧ್ಯಾಹ್ನದ ಗಾಳಿ ಇಳಿಯಿತು. ಮರದೊಳಗೆ ಎಲ್ಲೋ ಚಿರ್ ಎಂದಿತು. ಕತ್ತರಿಸಿದ ಬಾಯಿ ಕೂದಲೆಳೆಯಷ್ಟು ಕೆಳಕ್ಕೆ ಓರೆಯಾಯಿತು. ಇನ್ನು ಈ ಮರ ಯಾರ ಅಪ್ಪಣೆಗೂ ಕಾಯುವುದಿಲ್ಲ ಎಂದು ಬಚ್ಚಪ್ಪನಿಗೆ ತಿಳಿದುಹೋಯಿತು.

ಚಿಕ್ಕಮುನಿಯಮ್ಮನಿಗೂ ಆ ಸದ್ದು ಕೇಳಿಸಿತು. ಅವಳು ಗಂಡನನ್ನಾಗಲಿ ಪಟೇಲನನ್ನಾಗಲಿ ನೋಡಲಿಲ್ಲ. ಸೀರೆ ಮೇಲೆತ್ತಿ ಕಟ್ಟಿ, ನೆಟ್ಟಗೆ ಹೋಗಿ, ಗಿಡ್ಡ ಗೋಡೆಯನ್ನು ದಾಟಿದಳು. ಅಂಗಳದ ನಡುವೆ ಬಿದ್ದಿದ್ದ ಹಗ್ಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ಪೂಜಾರಿ ಕಿರುಚಿದ, “ಅಯ್ಯಯ್ಯೋ, ಅಂಗಳ ಮೈಲಿಗೆ ಆಯ್ತು! ಆಚೆ ಓಗೇ ಮುಂಡೆ!”

“ಓಯ್ತೀನಿ ಕಣಯ್ಯ. ಇದ್ನ ಎಳೆದ್ಬುಟ್ಟು ಓಯ್ತೀನಿ.” ಅವಳು ಕೇರಿಯವರತ್ತ ತಿರುಗಿದಳು. “ಏನ್ರೋ ಬಾಯ್ ಬುಟ್ಕಂಡು ನೋಡ್ತೀರಿ? ಪಾಪ ಆಗ್ಲೇ ನಮ್ ತಲೆ ಮ್ಯಾಲೆ ಆಕವ್ರೆ. ಇನ್ನೇನ್ ಇಕ್ಕಂಡಿದೀರಿ ಎದರೋಕೆ?”

ಮೊದಲು ಮುನಿಶಾಮಿ ಗೋಡೆ ಹಾರಿದ. ಆಮೇಲೆ ಒಬ್ಬೊಬ್ಬರೇ, ಹೆಂಗಸರು ಕೂಡ. ಕೆಲವರು ಗೋಡೆಗೆ ಕೈಮುಗಿದು ದಾಟಿದರು. ಪಟೇಲನ ಹುಡುಗರು ಮೈ ತಗುಲಿಸಿಕೊಳ್ಳಬಾರದೆಂದು ದಿಕ್ಕಾಪಾಲಾಗಿ ಹೊರಗೆ ನೆಗೆದರು; ಅವರ ಹಿಂದೆಯೇ ಪೂಜಾರಿ. ಪಟೇಲ ಗೋಡೆಯಾಚೆ ನಿಂತು ಅವರ ಅವ್ವಂದಿರನ್ನು, ಅಜ್ಜಿಯರನ್ನು ಹೆಸರು ಹಿಡಿದು ಬೈದ. ಬೈಯಲು ಅವನಿಗೆ ಎಲ್ಲರ ಹೆಸರೂ ಗೊತ್ತಿತ್ತು.

ಬಚ್ಚಪ್ಪ ಬೆಣೆ ಹೊಡೆದ. ಇನ್ನೊಂದು ಹೊಡೆದ. “ಎಳೀರಿ!” ಎಂದು ಕೂಗಿದ. ಹಗ್ಗ ಬಿಗಿಯಿತು. ಮರ ಕದಲಲಿಲ್ಲ. ಅಂಗಳದಲ್ಲಿ ಕೇರಿಯವರ ಹಿಮ್ಮಡಿಗಳು ಮಣ್ಣಿನಲ್ಲಿ ಹೂತುಕೊಂಡವು. ಮತ್ತೆ ಗಾಳಿ ಬಂತು, ಮರ ಮತ್ತೆ ಕೆಳಕ್ಕೆ ಓರೆಯಾಯಿತು. ಬಚ್ಚಪ್ಪನ ತೋಳಿನಲ್ಲಿ ಸುತ್ತಿಗೆ ಎತ್ತುವಷ್ಟು ತ್ರಾಣ ಉಳಿದಿರಲಿಲ್ಲ, ಆದರೂ ಎತ್ತಿದ. ಕೆಳಗೆ ಮಗಳು ಕೂಗಿದಳೋ, ಮರ ಕೂಗಿತೋ ಅವನಿಗೆ ತಿಳಿಯಲಿಲ್ಲ. ಮೂರನೆಯ ಬೆಣೆ ತಲೆಮಟ್ಟ ಒಳಗೆ ಹೋಯಿತು. ಮರ ತುಸು ಯೋಚನೆ ಮಾಡುವ ಹಾಗೆ ನಿಂತು, ಪೂರ್ವಕ್ಕೆ ತಿರುಗಿ, ಗುಡ್ಡಕ್ಕೆ ಅಡ್ಡಲಾಗಿ ಮಲಗಿತು. ನೆಲ ಅದುರಿತು. ತುದಿಯ ರೆಂಬೆಗಳು ಗೋಡೆಗೆ ಬಡಿದು ಅಂಗಳದ ತುಂಬ ಎಲೆ, ಧೂಳು, ಒಡೆದ ಹುಣಸೆಕಾಯಿ ಚೆಲ್ಲಾಡಿದವು.

ಧೂಳು ಇಳಿದ ಮೇಲೆ ಬಚ್ಚಪ್ಪ ಕೆಳಗೆ ನೋಡಿದ. ಗುಡಿಸಲು ಇತ್ತು. ಚಿಕ್ಕಮುನಿಯಮ್ಮ ಹಗ್ಗ ಬಿಸಾಡಿ ಆಗಲೇ ಇಳಿಜಾರಿನಲ್ಲಿ ಓಡುತ್ತಿದ್ದಳು. ಕೂಸಿನ ಅಳು ಕೇಳೀತೇ ಎಂದು ಅವನು ಕಿವಿಗೊಟ್ಟ. ಇನ್ನೂ ಇಲ್ಲ. ತಾನೂ ಹೋಗಬೇಕು ಎಂದುಕೊಂಡ. ಆ ಇಳಿಜಾರು ಇಳಿಯುವ ಮೊದಲು ಒಂದು ಗಳಿಗೆ ಕೂರಲೇಬೇಕಿತ್ತು. ಮರದ ಬೊಡ್ಡೆಯನ್ನೇ ಆಧಾರಕ್ಕೆ ಹಿಡಿದು ಹಿಡಿದು ನಡೆದು, ಗೋಡೆ ಹತ್ತಿ, ಅಂಗಳಕ್ಕೆ ಇಳಿದ. ಗುಡ್ಡದಲ್ಲಿ ಮಟ್ಟಸವಾದ ನೆಲವೆಂದರೆ ಅದೊಂದೇ. ಅಲ್ಲಿ ಕೇರಿಯವರು ಎಳೆದು ಸುಸ್ತಾಗಿ ಅಲ್ಲಲ್ಲೇ ಕುಸಿದಿದ್ದರು. ಅವನೂ ನಡುವಿನ ಕಲ್ಲುಗಳ ಹತ್ತಿರ ಹೋಗಿ ಧೊಪ್ಪನೆ ಕೂತ.

“ಏಳ್ರೋ! ಎದ್ದು ಆಚೆ ನಡೀರೋ ಲೌಡಿ ಮಕ್ಳಾ!” ಪಟೇಲ ಗೋಡೆಯಾಚೆಯಿಂದ ಅಬ್ಬರಿಸಿದ.

ಏನಾಗುತ್ತದೆಂದು ಬಚ್ಚಪ್ಪನಿಗೆ ಗೊತ್ತಿತ್ತು. ಕಂಬಕ್ಕೆ ಕಟ್ಟಿಸುತ್ತಾರೆ, ನೀರಿನ ಹಳ್ಳ ಮುಚ್ಚಿಸುತ್ತಾರೆ, ಬೆಂಕಿಯೂ ಬರಬಹುದು. ಎಲ್ಲವೂ ಗೊತ್ತಿತ್ತು. ಹೆದರಿಕೆಯೂ ಇತ್ತು. ಆದರೆ ಏಳುವುದಕ್ಕೆ ಮನಸ್ಸೇ ಬರಲಿಲ್ಲ.

“ಆಗಾಕಿಲ್ಲ ಸಾಮಿ,” ಅಂದ. “ಒಸಿ ಕುಂತ್ಕಂತೀವಿ.”

ಪಟೇಲ ಮುಟ್ಟಿ ಎಬ್ಬಿಸುವಂತಿರಲಿಲ್ಲ. ಗೋಡೆಯಿಂದ ಮುಷ್ಟಿಗಾತ್ರದ ಕಲ್ಲೊಂದನ್ನು ಕಿತ್ತು, ಕೈ ಹಿಂದಕ್ಕೆ ಎತ್ತಿದ.

“ಬ್ಯಾಡಿ ಪಟೇಲ್ರೇ!” ಪೂಜಾರಿ ಅವನ ತೋಳು ಹಿಡಿದ. “ಅವ್ನ ಬೆನ್ನಿಂದೆ ದೇವ್ರವ್ನೆ!”

ಬಚ್ಚಪ್ಪ ತಲೆಯನ್ನು ಮುನಿದೇವರ ಕಲ್ಲಿಗೆ ಆನಿಸಿದ್ದ. ಕಲ್ಲು ತಣ್ಣಗಿತ್ತು.

“ಎಸೀರಿ ಸಾಮಿ,” ಅಂದ.

ಪಟೇಲನ ಕೈ ಎತ್ತಿದ ಹಾಗೆಯೇ ಇತ್ತು. ಅಂಗಳದಲ್ಲಿ ಕೂತಿದ್ದವರು ಯಾರೂ ಏಳಲಿಲ್ಲ.