ಗೆರಿ ಎರಡ ಬೆರಳ ಏರೈತಿ

ಅಂಗೈ ಕೆಳಗೆ ಸೆಗಣಿ ತಣ್ಣಗೆ, ಹೊಸ್ತಿಲ ತನಕ ಸಾರಿಸಿ ಬಂದೆ, ಇಲ್ಲಿ ಕೈ ತಾನೇ ನಿಧಾನವಾಗುತ್ತದೆ, ಚೌಕಟ್ಟಿಗೆ ನೀರು ಸಿಡಿಯಬಾರದು, ಇದ್ದಿಲ ಗೆರೆ ಅಳಿದೀತು — ಹೊರಗೆ ಕಟ್ಟೆಯ ಮೇಲೆ ಖಂಡೆಪ್ಪ ಮಜ್ಜಿಗೆ ಹೀರುವ ಸಪ್ಪಳ, ಗೋಕಾಕದ ಹತ್ತಿ ಸಾಹುಕಾರನ ಆಳು, ಹೀರುವ ನಡುನಡುವೆ ಮಾವನವರಿಗೆ ಹೇಳುತ್ತಿದ್ದಾನೆ, ಹುಕ್ಕೇರಿ ಸಂತಿ ಬಯಲಾಗ ಆಟ ಇತ್ರಿ ಕಾಕಾ, ನಿಮ್ಮ ಅಣ್ಣಪ್ಪ ಚೆಂಡ ಹಿಡದು ಮ್ಯಾಲ ಹಾರಿದ, ಇಳಿಯೂದರಾಗ ಮೊಣಕಾಲ ತಿರುವಿತು, ಲಟಕ್ ಅಂದದ್ದು ನನಗ ಕೇಳಿಸ್ತರಿ. ಲಟಕ್. ನನ್ನ ಗಂಡನ ಮೊಣಕಾಲು. ಒಳಗಿನಿಂದ ಅತ್ತೆ ನೋಡುತ್ತಿದ್ದಾರೆ, ಕೈ ನಿಲ್ಲಿಸುವಂತಿಲ್ಲ. ಕಾಲು ಮೊದಲಿನಂಗ ಆಗೂದಿಲ್ಲಂತ, ಸಾಹುಕಾರ ಇನ್ನ ಸಾಕಂದಾರ. ಮಾವ ಕೆಮ್ಮಿ ಕೇಳಿದ ಮೊದಲ ಮಾತು — ಮುಂದಿನ ತಿಂಗಳದ ಪಗಾರ?

ಪಗಾರ. ಆಟಕ್ಕೆ ಪಗಾರ ಅಂದಾಗ ಮುದಲಗಿಯ ಬಾವಿಕಟ್ಟೆಯೆಲ್ಲ ನಕ್ಕಿತ್ತು, ಬಾಜೂಮನಿ ಫಕೀರವ್ವ ಕೊಡ ಇಳಿಸಿ, ತಳಾ ಇಲ್ಲದ ಬುಟ್ಟಿಗೆ ಚೆಂಡ ಹಾಕಿದ್ರ ರೊಕ್ಕಾ ಕೊಡ್ತಾರಂತಲ್ಲ ಪಾರವ್ವ, ತಳಾ ಇದ್ದಿದ್ರ ಇನ್ನೆಷ್ಟ ಕೊಡ್ತಿದ್ರೋ. ಧುಪದಾಳದ ಒಡ್ಡಿನ ಮೇಲೆ ಕೂಲಿಗಿದ್ದರು ನಮ್ಮವರು, ಗಾಳಿಗೆ ಹಾರಿ ಬೇವಿನ ಟೊಂಗೆಗೆ ಸಿಕ್ಕ ಸಾಹುಕಾರನ ರುಮಾಲನ್ನು ನಿಂತಲ್ಲೇ ಕೈ ಎತ್ತಿ ಇಳಿಸಿಕೊಟ್ಟರು, ಅಷ್ಟೇ, ಸಾಹುಕಾರ ಆ ಕೈಯನ್ನೇ ನೋಡುತ್ತ ನಿಂತನಂತೆ — ಬೆಳಗಾವಿ ದಂಡಿನ ಬಿಳಿ ಸೋಜರು ಆಡುವ ಆಟ, ಅವರನ್ನು ಸೋಲಿಸುವ ಮಂದಿ ಬೇಕಾಗಿತ್ತು ಅವನಿಗೆ. ಪೈಲವಾನರನ್ನು ಸಾಕಿದಂತೆ ಸಾಕಿದ, ಬಾದಾಮಿ, ಹಾಲು, ತುಪ್ಪ, ನೇಮವೂ ಪೈಲವಾನರದೇ, ಹೆಂಡತಿ ಮುಖ ನೋಡಿದರೆ ಕಸುವು ಇಳಿಯುತ್ತದೆ, ಮನೆಗೆ ಹೋಗಕೂಡದು. ಹೊರಡುವ ದಿನ ಮಗಳು ಕಾಶಿಯನ್ನು ಈ ಚೌಕಟ್ಟಿಗೆ ನಿಲ್ಲಿಸಿದರು, ಹಿಮ್ಮಡಿ ಹಚ್ಚು ಮಗಳ, ತಲಿ ನೆಟ್ಟಗ, ನಗಬ್ಯಾಡ, ನೆತ್ತಿಯ ಮೇಲೆ ಇದ್ದಿಲು ಎಳೆದರು, ಇದ್ದಿಲ ಬೆರಳಿಂದ ಅವಳ ಮೂಗು ಒತ್ತಿದರು. ನಾ ಆಡಾಕ ಹೋಗ್ತೇನಿ, ನೀ ಬೆಳಿಯಾಕ ಹತ್ತು.

ಬೆಳೆಯಲಿಲ್ಲ. ಸುಗ್ಗಿಯ ಜ್ವರ, ಎರಡು ದಿನ, ಮೂರನೆಯ ಮುಂಜಾನೆ ಮಣ್ಣು. ಅವರು ಮಿರಜಿನಲ್ಲಿ ಆಡುತ್ತಿದ್ದರು. ಇದೇ ಖಂಡೆಪ್ಪ ಬಂದಿದ್ದ, ಕಟ್ಟೆಯ ಅದೇ ಮೂಲೆಯಲ್ಲಿ ಕೂತಿದ್ದ, ಈಗ ತಿಳಿಸಬ್ಯಾಡ್ರಿ ಕಾಕಾ, ಕೊಲ್ಹಾಪುರದ ಆಟ ಮುಗೀಲಿ, ಮನಸು ಕೆಟ್ಟರ ಕೈ ಕೆಡ್ತದ. ಕೊಲ್ಹಾಪುರ ಮುಗಿಯಿತು, ಬೆಳಗಾವಿ ಬಂತು, ಬೆಳಗಾವಿ ಮುಗಿಯಿತು, ಮತ್ತೆ ಮಿರಜು. ಅಳಬಾರದು ಅಂದರು ಅತ್ತೆ, ಅತ್ತರೆ ಸುದ್ದಿ ಗೋಕಾಕ ಮುಟ್ಟುತ್ತದೆ, ಒಲೆಯ ಹೊಗೆಗೆ ಮುಖ ಕೊಟ್ಟು ಕೂತೆ, ಹೊಗೆಯನ್ನು ಯಾರೂ ಕೇಳುವುದಿಲ್ಲ. ಅವರ ಕಾರ್ಡು ಬಂತು, ಮಗಳು ಎಷ್ಟ ಬೆಳದಾಳ? ಮಾವ ಮೂರು ಹೊತ್ತು ಲಿಂಗಪೂಜೆ ಮಾಡುವವರು, ಹುಸಿ ನಾ ಬರಿಯಾಂವಲ್ಲ ಅಂದರು, ಬಾಜೂಮನಿಯಿಂದ ಫಕೀರವ್ವನ ಮಗಳನ್ನು ಕರೆಸಿದರು, ಯಮನವ್ವ, ಕಾಶಿಯ ವಾರಿಗೆಯವಳು, ಹಿಮ್ಮಡಿ ಹಚ್ಚು ಅಂದರು, ಗೆರೆ ಎಳೆದರು, ಬರೆದರು — ಚೌಕಟ್ಟಿನ ಗೆರಿ ಎರಡ ಬೆರಳ ಏರೈತಿ. ಏರಿತ್ತು, ಖರೆ. ಹಬ್ಬ ಬಂದಾಗೊಮ್ಮೆ ಯಮನವ್ವ ಬಂದಳು, ನಕ್ಕಳು, ನಿಂತಳು. ಗೆರೆಯ ಅಳತೆಗೆ ಅವರು ಹಸಿರು ಲಂಗ ಹೊಲಿಸಿ ಕಳಿಸಿದರು, ಯಮನವ್ವನಿಗೆ ಸರಿಯಾಗಿ ಕೂತಿತು, ಕೊಟ್ಟುಬಿಡು ಅಂದರು ಅತ್ತೆ, ಕೊಟ್ಟೆ, ನಾನೇ ಉಡಿಸಿದೆ, ಲಾಡಿ ನಾನೇ ಕಟ್ಟಿದೆ, ಅವಳ ಹೊಟ್ಟೆ ಬೆಚ್ಚಗಿತ್ತು.

ಖರೆ ಬರೀರಿ ಮಾವಾರ ಅಂತ ಆಗ ಎಷ್ಟು ಸಲ ಕಾಲು ಹಿಡಿದೆ, ಜೋಡಿ ಕೂತು ಅಳುವುದಕ್ಕೆ ಒಬ್ಬರು ಬೇಕು, ಲೋಕದಲ್ಲಿ ಅವರೊಬ್ಬರೇ — ಈಗ ಕಟ್ಟೆಯ ಮೇಲೆ ಲೇಖನಿಯ ಕರಕರ ಸದ್ದು, ಮಾವ ಓದುತ್ತಿದ್ದಾರೆ, ಚಿರಂಜೀವಿ ಅಣ್ಣಪ್ಪಗ ಆಶೀರ್ವಾದ, ಹ್ವಾದ ವರ್ಷ ಸುಗ್ಗಿಯೊಳಗ ಕಾಶೆವ್ವ ಜ್ವರ ಬಂದು ಲಿಂಗೈಕ್ಯ ಆದಳು, ಧೈರ್ಯದಿಂದ ಇರತಕ್ಕದ್ದು. ಇಂದೇ. ಸೆಗಣಿ ಕೈಯಲ್ಲೇ ಹೊಸ್ತಿಲಿಗೆ ಬಂದೆ, ಇವತ್ತ ಬ್ಯಾಡ್ರಿ ಮಾವಾರ, ಕಾಲ ಮುರದು ಮಲಗ್ಯಾರ. ತಲೆ ಎತ್ತಲಿಲ್ಲ ಅವರು. ಬರೀರಿ ಬರೀರಿ ಅಂತಿದ್ದಿ, ಬರದೇನಿ, ಇನ್ನ ಮುಚ್ಚಿಟ್ಟು ಏನ ಸಿಗೂದೈತಿ, ಅಲ್ಲೇ ಅತ್ತು ಬರಲಿ, ಇಲ್ಲಿ ಬಂದ ಮ್ಯಾಲ ದುಡೀಬೇಕು. ಖಂಡೆಪ್ಪ ನನ್ನ ಕಡೆ ನೋಡಲಿಲ್ಲ, ಕಾರ್ಡನ್ನು ಟೊಪ್ಪಿಗೆಯೊಳಗೆ ಇಟ್ಟುಕೊಂಡ, ಹುಕ್ಕೇರಿಗೆ ಸಂಜಿಕ ಮುಟ್ಟಸ್ತೇನ್ರಿ ಕಾಕಾ, ಮೆಟ್ಟಿಲು ಇಳಿದ, ಅಗಸಿ ಬಾಗಿಲು ದಾಟಿದ, ಕೂಗಿದರೆ ತಿರುಗಿಯಾನು, ಹೋಯಿತು ಕಾರ್ಡು.

ಅಂದರೆ ಬರುತ್ತಾರೆ, ಬಡಿಗೆ ಊರಿಕೊಂಡು, ಈ ಬಾಗಿಲಿಗೆ ಯಾವಾಗಲೂ ಬಗ್ಗಿಯೇ ಬರುವವರು, ಬಗ್ಗಿದರೆ ಕಣ್ಣು ನೇರ ಇಲ್ಲಿಗೇ, ಮೇಲಿನ ಗೆರೆ ಯಮನವ್ವನವು ಅಂತ ಇಂದಿನ ಕಾರ್ಡಿನಲ್ಲಿ ಮಾವ ಬರೆದಿಲ್ಲ, ಕೇಳುತ್ತಾರೆ, ಮಣ್ಣಿನಾಗಿದ್ದಾಕಿ ಹ್ಯಾಂಗ ಬೆಳದಳ — ಒರೆಸಿಬಿಡಲೇ, ಅಂಗೈ ತುಂಬ ಸೆಗಣಿ ನೀರು, ಒಂದೇ ಸಲ, ಒರೆಸಿದರೆ ತಳದ್ದೂ ಹೋಗುತ್ತದೆ, ಅವರ ಕೈಯದು, ಅವಳ ನೆತ್ತಿಯದು, ನೀರು ಮೊಣಕೈಗೆ ಇಳಿಯುತ್ತಿದೆ, ತಳದಲ್ಲಿ ಕಾಶಿಯ ಗೆರೆ, ಅದರ ಮೇಲೊಂದು ಗೆರೆ, ಅದರ ಮೇಲೆ, ಗೆರೆ