ಬೆಟ್ಟಮ್ಮನ ಬೆರಳಿಗೆ ಒಗ್ಗಿದ ಆ್ಯಪು

ನಲವತ್ತು ದಾಟಿದ ಮೇಲೆ ಬಿಂಡಿಗನವಿಲೆಯ ದಿಲೀಪನಿಗೆ ಹೊಸದೊಂದು ಭಯ ಹಿಡಿಯಿತು. ಅವ್ವ ಬೆಟ್ಟಮ್ಮನಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಮಂಡಿ ಆಪರೇಷನ್ ನಡೆಯುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕೂತವನು ಹೊತ್ತು ಹೋಗಲೆಂದು ಫೋನಿನಲ್ಲಿ ಹಳೇ ಫೋಟೋ ನೋಡತೊಡಗಿದ. ಹೊಸ ಬೈಕಿನ ಫೋಟೋ ಬೇಕಾದಷ್ಟಿದ್ದವು, ಸೀಮೆಹಸುವಿನವು ಅದಕ್ಕಿಂತ ಹೆಚ್ಚು, ಮಗಳು ಪವಿತ್ರಳವಂತೂ ಕೇಳುವುದೇ ಬೇಡ. ಅವ್ವನ ರಂಗೋಲಿಯದು ಒಂದೂ ಇರಲಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ನೋಡಿಕೊಂಡು ಹೋಗುವ ರಂಗೋಲಿ ಅದು! ಬೆಳಗಾದರೆ ಅದನ್ನು ದಾಟಿಕೊಂಡೇ ಹಾಲಿನ ಡೇರಿಗೆ ಓಡುವ ಮಹಾರಾಯನಿಗೆ ಒಂದು ಫೋಟೋ ಹಿಡಿಯಲು ಪುರುಸೊತ್ತಾಗಿರಲಿಲ್ಲ. ಅವ್ವನಿಗೇನಾದರೂ ಆಗಿಬಿಟ್ಟರೆ ಆ ಕೈಯ ಒಂದು ಗೆರೆಯೂ ಉಳಿಯುವುದಿಲ್ಲವಲ್ಲ ಎಂಬುದೇ ಆ ಭಯ.

ಅವ್ವ ಚೆನ್ನಾಗಿಯೇ ಮನೆಗೆ ಬಂದಳು. ಆದರೆ ಇನ್ನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುವುದು, ಬಗ್ಗುವುದು ಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಸೊಸೆ ರಂಜಿತ ಅಂಗಳದಲ್ಲಿ ನಾಲ್ಕು ಗೆರೆ ಎಳೆಯುವಾಗ ಬೆಟ್ಟಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

“ಬೈದ್ರೂ ತಡ್ಕೊತೀನಿ ಕಣ್ರೀ. ಅತ್ತೆ ಇಂಗೆ ಸುಮ್ಕೆ ನೋಡ್ತಾ ಕೂತ್ರೆ ನನ್ ಗೆರೆ ಸೊಟ್ಟಗಾಯ್ತದೆ,” ಎಂದಳು ರಂಜಿತ ಗಂಡನ ಹತ್ತಿರ.

ಪವಿತ್ರ ಹಾಸ್ಟೆಲ್ಲಿಗೆ ಹೋದ ಮೇಲೆ ಬೀರುವಿನಲ್ಲಿ ಬಿದ್ದಿದ್ದ ಅವಳ ಹಳೇ ಟ್ಯಾಬನ್ನು ದಿಲೀಪ ಹೊರಗೆ ತೆಗೆದ. ಅವ್ವ ಇದರಲ್ಲಿ ಬರೆದರೆ ಅವಳಿಗೂ ಹೊತ್ತು ಹೋಗುತ್ತದೆ, ತನಗೂ ರಂಗೋಲಿ ಉಳಿಯುತ್ತದೆ. ಬೈಕು ಹತ್ತಿ ನಾಗಮಂಗಲಕ್ಕೆ ಹೋಗಿ ಮೊಬೈಲ್ ಅಂಗಡಿಯ ರಘುನಂದನನನ್ನು ಕೇಳಿದ.

“ಪುಕ್ಸಟ್ಟೆ ಆ್ಯಪು ಬೇಕಾದಂಗವೆ ಕಣಣ್ಣ. ಯಾವ್ದು ಸರಿ ಅಂತ ಬರ್ದು ನೋಡೇ ಯೋಳ್ಬೇಕು,” ಎಂದು ಅವನು ನಾಲ್ಕನ್ನು ಹಾಕಿ ಕಳಿಸಿದ.

ಮೊದಲನೆಯದರಲ್ಲಿ ಬೆಟ್ಟಮ್ಮ ಚುಕ್ಕಿ ಇಟ್ಟು ಮುಗಿಸುವಷ್ಟರಲ್ಲಿ ಯಾವುದೋ ಸೀರೆಯಂಗಡಿಯ ಜಾಹೀರಾತು ಬಂದು ಪರದೆಯ ತುಂಬ ಕುಣಿಯಿತು. “ಯಾರ್ಲಾ ಇವ್ಳು, ನನ್ ಚುಕ್ಕಿ ತುಳ್ಕೊಂಡು ನಿಂತವ್ಳೆ?” ಎಂದು ಬೆಟ್ಟಮ್ಮ ಗದರಿದಳು. ಆ ಆ್ಯಪಿನ ಕತೆ ಅಲ್ಲಿಗೆ ಮುಗಿಯಿತು. ಎರಡನೆಯದು ದೊಡ್ಡ ಕಲಾವಿದರಿಗೆ ಮಾಡಿದ್ದು. ಅದರಲ್ಲಿ ಬಗೆಬಗೆಯ ಕುಂಚಗಳು, ಒಂದರ ಮೇಲೊಂದು ಪದರಗಳು. ಬಿಳಿ ಬಣ್ಣ ಎಲ್ಲಿದೆಯೆಂದು ಹುಡುಕುವುದರಲ್ಲೇ ದಿಲೀಪ ಸುಸ್ತಾದ. ಮೂರನೆಯದಕ್ಕೆ ಮಾತ್ರ ಅವನು ಮನಸೋತಿದ್ದ. ಒಂದು ಕಡೆ ಗೆರೆ ಎಳೆದರೆ ಸುತ್ತಲೂ ಅದೇ ಗೆರೆ ತಾನಾಗಿ ಮೂಡುತ್ತಿತ್ತು. “ನೋಡವ್ವ ಎಂಗದೆ!” ಎಂದು ಹಿಗ್ಗಿದ. ಬೆಟ್ಟಮ್ಮ ಟ್ಯಾಬನ್ನು ಅವನ ಮಡಿಲಿಗೇ ತಳ್ಳಿದಳು.

“ಎಲ್ಲಾನೂ ಅದೇ ಬರ್ಕಳಾದಾದ್ರೆ ನಾನ್ಯಾಕ್ಲಾ?”

ಮೂರರಲ್ಲೂ ಇನ್ನೊಂದು ಕಾಟವಿತ್ತು. ವರ್ಷಗಟ್ಟಲೆ ರಂಗೋಲಿ ಹಾಕಿದ ಬೆಟ್ಟಮ್ಮನ ಹೆಬ್ಬೆರಳು, ತೋರುಬೆರಳು ಒಂದನ್ನೊಂದು ಬಿಟ್ಟು ನಡೆದವೇ ಅಲ್ಲ. ಪುಡಿ ಹಿಡಿದ ಹಾಗೆ ಎರಡನ್ನೂ ಕೂಡಿಸಿ ಗಾಜಿನ ಮೇಲಿಟ್ಟಳೋ, ಚಿತ್ರ ಸರಕ್ಕನೆ ಉಬ್ಬುತ್ತಿತ್ತು, ಇಲ್ಲವೇ ಕುಗ್ಗಿ ಮೂಲೆ ಸೇರುತ್ತಿತ್ತು.

“ಅಂಗ್ಳನೇ ಓಡೋಯ್ತದಲ್ಲೋ!”

“ಒಂದೇ ಬೆಳ್ಳಲ್ಲಿ ಬರಿಯವ್ವ.”

“ಒಂದ್ ಬೆಳ್ಳಲ್ಲಿ ಪುಡಿ ಎಂಗ್ಲಾ ಇಡ್ಕಳಾದು, ಪೆದ್ದ್ ನನ್ಮಗ್ನೆ?”

ಇಲ್ಲಿ ಪುಡಿಯೇ ಇಲ್ಲ ಎಂದು ಅವಳಿಗೆ ಹೇಳುವ ಧೈರ್ಯ ಯಾರಿಗಿದೆ! ದಿಲೀಪ ನಾಲ್ಕನೆಯದನ್ನು ತೆರೆದ. ಅದು ಚಿಕ್ಕ ಮಕ್ಕಳಿಗೆಂದು ಮಾಡಿದ ಸಾದಾ ಆ್ಯಪು. ಹಿಗ್ಗಿಸುವ ಕುಗ್ಗಿಸುವ ವಿದ್ಯೆಯೇ ಅದಕ್ಕೆ ಗೊತ್ತಿರಲಿಲ್ಲ. ಎರಡು ಬೆರಳಿಟ್ಟರೆ ಎರಡು ಗೆರೆ, ಅಷ್ಟೆ. ಬೆಟ್ಟಮ್ಮ ಬೆರಳು ಎಳೆದಲ್ಲೆಲ್ಲ ಒತ್ತಾಗಿ ಜೋಡಿ ಎಳೆ ಮೂಡಿತು. “ಆಹಾ, ಈಗ ದಾರಿಗೆ ಬಂತು ನೋಡು!” ಎಂದು ಅವಳು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವ್ವ ನಕ್ಕಿದ್ದು ಅದೇ ಮೊದಲು, ದಿಲೀಪನಿಗೆ ಕುಣಿದುಬಿಡಬೇಕು ಅನ್ನಿಸಿತು.

ಅಂದಿನಿಂದ ಬೆಳಗಿನ ಕಾಫಿ ಆದ ಕೂಡಲೇ ಬೆಟ್ಟಮ್ಮ ಟ್ಯಾಬು ಹಿಡಿದು ಕೂರುತ್ತಿದ್ದಳು. ಅಲ್ಲಿಂದಲೇ ರಂಜಿತಳ ಗೆರೆಗೆ ಕೊಂಕು ತೆಗೆಯುವುದೂ ಶುರುವಾಯಿತು. ರಂಜಿತಳಿಗೆ ಜೀವ ಬಂದ ಹಾಗಾಯಿತು. ದಿಲೀಪನೂ ನಿಶ್ಚಿಂತೆಯಾಗಿ ಡೇರಿಗೆ ಓಡುತ್ತಿದ್ದ. ಎಲ್ಲವೂ ಟ್ಯಾಬಿನೊಳಗೆ ಭದ್ರವಾಗಿ ಕೂಡಿಕೊಳ್ಳುತ್ತಿವೆ, ಆಮೇಲೆ ನಿಧಾನಕ್ಕೆ ನೋಡಿದರಾಯಿತು ಎಂಬುದು ಅವನ ಎಣಿಕೆ.

ಒಂದು ಬೆಳಿಗ್ಗೆ ಪವಿತ್ರ ಫೋನು ಮಾಡಿ ಅಜ್ಜಿಯ ರಂಗೋಲಿಗಳನ್ನೆಲ್ಲ ಕಳಿಸು ಎಂದಳು. ದಿಲೀಪ ಟ್ಯಾಬು ತೆರೆದ. ನಿನ್ನೆಯದೊಂದೇ ಇತ್ತು. ಎಷ್ಟು ತಡಕಾಡಿದರೂ ಬೇರೊಂದು ಸಿಗಲಿಲ್ಲ.

“ಅವ್ವಾ, ಮಿಕ್ಕಿದ್ದೆಲ್ಲ ಎಲ್ಲೋದ್ವು?”

“ಗುಡಿಸ್ಬುಟ್ಟೆ,” ಎಂದಳು ಬೆಟ್ಟಮ್ಮ ಕಾಫಿ ಲೋಟ ಕೆಳಗಿಡುತ್ತ. “ಮೂಲೇಲಿ ಪೊರಕೆ ಬರ್ದವ್ರಲ್ಲ, ಅದುನ್ನ ಒತ್ತುದ್ರೆ ಅಂಗ್ಳ ಚೊಕ್ಕಟ ಆಯ್ತದೆ. ನೆನ್ನೇದು ಬಾಗ್ಲಲ್ಲಿ ಇಟ್ಕೊಂಡು ಯಾರಾರ ಇವತ್ತಿಂದು ಆಕ್ತಾರಾ?”

ದಿಲೀಪನಿಗೆ ಅಳು ಬರುವುದೊಂದು ಬಾಕಿ.

“ನಾನು ಇಷ್ಟೆಲ್ಲ ಪರದಾಡಿದ್ದು ಯಾಕಂದ್ಕೊಂಡಿದ್ದೀಯ? ನೀನಿಲ್ದಂಗಾದ್ಮೇಲೆ ನಂಗ್ ನೋಡಕೆ ಒಂದಾರ ಬೇಡ್ವೇನವ್ವ?”

ಅಂದುಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡ. ರಂಜಿತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಬೆಟ್ಟಮ್ಮ ಬೇಜಾರು ಮಾಡಿಕೊಳ್ಳಲಿಲ್ಲ, ಮಗನ ಕಡೆ ತಿರುಗಿದಳು.

“ನಾನಿರೋವಾಗ ಯಾವತ್ತಾರ ನೋಡಿದ್ದೀಯ್ಲಾ?”

ಅದು ಚುಚ್ಚು ಮಾತಲ್ಲ, ನಿಜವಾಗಿಯೂ ಕೇಳಿದ್ದು. ದಿಲೀಪ ನೆನಪು ಮಾಡಿಕೊಳ್ಳಲು ಹೋದ. ಹಾಕಿ ಮುಗಿಸಿದ ರಂಗೋಲಿ ನೋಡಿದ್ದ. ಅವ್ವ ಮೊದಲ ಚುಕ್ಕಿಯಿಂದ ಕೊನೆಯ ಎಳೆಯವರೆಗೆ ಹಾಕುವುದನ್ನು ಒಂದು ದಿನವೂ ನಿಂತು ನೋಡಿರಲಿಲ್ಲ.

ಬೆಟ್ಟಮ್ಮ ಟ್ಯಾಬು ಇಸಕೊಂಡು ಪೊರಕೆಯನ್ನು ಒತ್ತಿದಳು. ನಿನ್ನೆಯದೂ ಹೋಯಿತು. ದಿಲೀಪ ಅಯ್ಯೋ ಎನ್ನುವಷ್ಟರಲ್ಲಿ ಪಕ್ಕದ ಸ್ಟೂಲನ್ನು ಎಳೆದಳು.

“ಕೂತ್ಕೊ ಬಾ.”

ಅವನು ಕೂತ. ಡೇರಿಯಿಂದ ಬಂದ ಫೋನನ್ನು ಕಟ್ ಮಾಡಿದ. ಬೆರಳುಗಳೆರಡೂ ಗಾಜಿನ ಮೇಲೆ ಇಳಿದವು, ಸಾಲಾಗಿ ಚುಕ್ಕಿ ಬಿದ್ದವು. ಅವ್ವನ ತುಟಿ ಒಳಗೊಳಗೇ ಎಣಿಸುತ್ತಿತ್ತು, ಸಾಲು ತಿರುಗುವಾಗೆಲ್ಲ ಹುಬ್ಬು ಮೇಲೇರುತ್ತಿತ್ತು.

“ಚುಕ್ಕಿ ನೋಡ್ಲಾ,” ಎಂದಳು ಬೆಟ್ಟಮ್ಮ ತಲೆಯೆತ್ತದೆ, “ನನ್ ಮಕ ಏನ್ ನೋಡೀಯ!”