ಹಸಿರು ತೇಪೆ

ಐದನೆಯವನ ಮುಂದೆಯೂ ನಾಯಿ ಕೂತಿತು.

ಹುಡುಕುವ ವಾಸನೆ ಸಿಕ್ಕರೆ ತಟ್ಟನೆ ಕೂರಬೇಕು. ಇನ್ಸ್‌ಪೆಕ್ಟರ್ ಆರು ವರ್ಷ ಅದಕ್ಕೆ ಕಲಿಸಿದ್ದ ಪಾಠ ಅದು. ಕಾಣೆಯಾದವನು ಒಬ್ಬ ಗುಮಾಸ್ತ. ಅವನ ತಂಗಿ ಮೂಸಿಸಲು ಕೊಟ್ಟಿದ್ದು ಒಂದೇ ಟವೆಲ್ಲು. ಕೂತದ್ದು ಮಾತ್ರ ಐದು ಸಲ. ಬಾಗಿಲ ಬಳಿ ನಿಂತಿದ್ದ ಡ್ರೈವರ್ ಕೆಮ್ಮಿದ. ಅದು ಕೆಮ್ಮಲ್ಲವೆಂದು ಇನ್ಸ್‌ಪೆಕ್ಟರಿಗೆ ಗೊತ್ತಿತ್ತು.

ಹಜಾರದಲ್ಲಿ ಹನ್ನೆರಡು ಜನ ತಲೆಯಿಂದ ಪಾದದವರೆಗೆ ಬಿಳಿ ಬಟ್ಟೆ ಹೊದ್ದು ಸಾಲಾಗಿ ಕೂತಿದ್ದರು. ಈ ಪಂಥದವರು ಒಳಗೆ ಹೆಸರು ಹೇಳುವುದಿಲ್ಲ, ಮುಖ ತೋರಿಸುವುದಿಲ್ಲ. ಮುಸುಕು ತೆಗೆಸಲು ಕೋರ್ಟು ಅನುಮತಿ ಕೊಟ್ಟಿರಲಿಲ್ಲ. ಮೂಸಿಸಲು ಕೊಟ್ಟಿತ್ತು.

"ನಿಮ್ಮ ನಾಯಿದೇನೂ ತಪ್ಪಿಲ್ಲಪ್ಪ," ಎಂದಳು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದ ಮುದುಕಿ. ಮುಸುಕಿಲ್ಲದವಳು ಅವಳೊಬ್ಬಳೇ. "ವಾರಕ್ಕೊಂದು ಸಲ ಬಟ್ಟೆಯೆಲ್ಲ ಒಂದೇ ರಾಶಿಗೆ ಹಾಕ್ತೀವಿ. ಕೈಗೆ ಸಿಕ್ಕಿದ್ದನ್ನ ತೊಟ್ಕೊಳ್ಳೋದು. ಒಗೆಯೋದಿಲ್ಲ, ಬಿಸಿಲು ಕಾಣಿಸ್ತೀವಿ ಅಷ್ಟೆ. ಅವನ ಅಂಗಿ ಒಬ್ಬರ ಮೈಮೇಲೆ, ಬನಿಯನ್ನು ಇನ್ನೊಬ್ಬರ ಮೈಮೇಲೆ."

"ಅವನೆಲ್ಲಿ?"

"ಇಲ್ಲೇ ಎಲ್ಲೋ ಇರಬೇಕು. ಯಾವುದು ತಾನು ಅಂತ ಅವನಿಗೆ ಗೊತ್ತೋ ಇಲ್ವೋ."

ಡ್ರೈವರ್ ಮತ್ತೆ ಕೆಮ್ಮಿದ. ಅವಮಾನ ತನಗಾಗಿದ್ದರೆ ಇನ್ಸ್‌ಪೆಕ್ಟರ್ ನುಂಗಿಕೊಳ್ಳುತ್ತಿದ್ದ, ಆದದ್ದು ನಾಯಿಗೆ. ಕರುವಿನಷ್ಟು ಎತ್ತರ ಬೆಳೆದಿದ್ದರೂ ಅವನಿಗೆ ಅದು ಇನ್ನೂ 'ಮರಿ'.

ಬೆಳಿಗ್ಗೆ ಹೆಂಡತಿಯೂ ಮರಿಯ ಮಾತೇ ಎತ್ತಿದ್ದಳು. "ನನ್ನ ಕಂದು ಸ್ವೆಟರ್ ಎಲ್ಲಿ? ಮೊಣಕೈಗೆ ಹಸಿರು ತೇಪೆ ಹಾಕಿದ್ದೆಯಲ್ಲ, ಅದು," ಎಂದು ಅವನು ಕೇಳಿದ್ದ.

"ಹೋದ ತಿಂಗಳೇ ಕೊಟ್ಟೆ."

"ಯಾರಿಗೆ?"

"ಬೇಕಾದವರಿಗೆ." ಪಾತ್ರೆ ಉಜ್ಜುತ್ತಿದ್ದವಳು ತಿರುಗಿ ನೋಡಲಿಲ್ಲ. "ಮನೇಲಿ ಏನಿದೆ, ಯಾರಿದ್ದಾರೆ, ನಿಮಗೆ ಯಾವುದರ ಮೇಲೆ ಗಮನ ಇದೆ ಹೇಳಿ? ಹೀಗೇ ಇದ್ರೆ ನೋಡ್ತಿರಿ. ಕೊನೆಗೆ ನಿಮ್ಮ ಗುರುತು ಹಿಡಿಯೋದು ಆ ಮರಿಯೊಂದೇ."

ಅವನು ನಕ್ಕಿದ್ದ. ಒಂದಾದರೂ ಇದೆಯಲ್ಲ ಎಂಬ ಸಮಾಧಾನ ಜೀಪು ಹತ್ತುವವರೆಗೂ ಜೊತೆಗಿತ್ತು.

"ಗುಮಾಸ್ತನ ಮಾತು ಆಮೇಲೆ," ಎಂದ ಈಗ. "ನೂರು ಜನರ ಮಧ್ಯೆ ಇದ್ರೂ ನನ್ನನ್ನ ಹಿಡಿಯುತ್ತೆ ಇದು."

"ಕೂತು ನೋಡಿ," ಎಂದು ದೊಡ್ಡಕ್ಕ ನಗುತ್ತ ಒಂದು ಬಿಳಿ ಬಟ್ಟೆ ಚಾಚಿದಳು.

ಮೂಸಿಸಲು ತನ್ನ ಕರವಸ್ತ್ರವನ್ನು ಡ್ರೈವರ್ ಕೈಗೆ ಕೊಟ್ಟು, ಅವನನ್ನೂ ನಾಯಿಯನ್ನೂ ಹೊರಗೆ ಕಳಿಸಿದ. ಟೋಪಿ, ಬೆಲ್ಟು, ಬೂಟು ಮೂಲೆಗಿಟ್ಟ. ಮುಸುಕು ಹೊದ್ದು ಸಾಲಿನ ಕೊನೆಯಲ್ಲಿ ಹದಿಮೂರನೆಯವನಾಗಿ ಕೂತ. ಬಟ್ಟೆಗೆ ಬಿಸಿಲಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ದೊಡ್ಡಕ್ಕ ಕರೆದಳು. ಬಾಗಿಲು ತೆರೆಯಿತು. ನೆಲದ ಮೇಲೆ ಮರಿಯ ಉಗುರಿನ ಟಿಕ್ ಟಿಕ್. ಮೂರನೆಯವನನ್ನು ದಾಟಿತು. ಆರನೆಯವನನ್ನೂ. ಬಾ ಮರಿ, ಬಾ ಎಂದು ಅವನು ಒಳಗೊಳಗೇ ಗೋಗರೆದ. ಒಂಬತ್ತರ ಹತ್ತಿರ ಸದ್ದು ನಿಂತಿತು.

ಬಟ್ಟೆಯ ಅಂಚು ಸರಿಸಿ ನೋಡಿದ. ನಾಯಿ ಕೂತಿತ್ತು. ಒಂಬತ್ತನೆಯ ಮುಸುಕಿನಿಂದ ಒಂದು ಕೈ ಹೊರಬಂದು ಅದರ ಕಿವಿಯ ಹಿಂದೆ ಮೆಲ್ಲಗೆ ಕೆರೆಯುತ್ತಿತ್ತು. ಕಂದು ತೋಳು, ಮೊಣಕೈಗೆ ಹಸಿರು ತೇಪೆ. ಬೇರೆಯವರು ಮುಟ್ಟಿದರೆ ಗುರ್ರೆನ್ನುವ ಮರಿ ಹಾಯಾಗಿ ಕಣ್ಣು ಮುಚ್ಚಿಕೊಂಡಿತ್ತು.

"ಸಿಕ್ಕಿದ್ರಲ್ಲ ಸಾರ್," ಎಂದು ಡ್ರೈವರ್ ಆ ಮುಸುಕಿಗೆ ಸಲ್ಯೂಟ್ ಹೊಡೆದ. "ಏಳಿ, ಹೊತ್ತಾಯ್ತು."

ಮುಸುಕು ಎದ್ದು ನಿಂತಿತು. ದೊಡ್ಡಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಕೂಗಬೇಕು. ಏನೆಂದು? 'ನಾನು ಇಲ್ಲಿದ್ದೀನಿ' ಎಂದೇ? ಆ ಸಾಲಿನಲ್ಲಿ ಯಾರು ಬೇಕಾದರೂ ಹೇಳಬಹುದಾದ ಮಾತು. 'ಮರಿ' ಎಂದು ಒಂದು ಸಲ ಕರೆದರೆ ಸಾಕಿತ್ತು. ಕರೆದ ಮೇಲೂ ಅದು ತಿರುಗದಿದ್ದರೆ? ಅವನಿಗೆ ಭಯವಾಯಿತು.

ಉಗುರಿನ ಸದ್ದು ಬಾಗಿಲ ಕಡೆಗೆ ಹೊರಟಿತು, ಅದರ ಜೊತೆಗೆ ಎರಡು ಬರಿಗಾಲು. ಹೊರಗೆ ಜೀಪು ಶುರುವಾಯಿತು. ತಲೆಯ ಮೇಲಿನ ಬಟ್ಟೆ ಜಾರುತ್ತಿತ್ತು. ಅವನು ಅದನ್ನು ಮುಖ ಮುಚ್ಚುವಂತೆ ಸರಿಯಾಗಿ ಎಳೆದುಕೊಂಡ.